ಒಂದು ತಿಂಗಳು ರಜೆ ಹಾಕಿದರೆ ಕುಡಿತ ತಾನಾಗಿ ಬಿಡುತ್ತದೆಯೇ?

ಪ್ರಶ್ನೆ: ನನಗೆ 42 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಬ್ಯಾಂಕ್ ಮ್ಯಾನೇಜರ್. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಮನೆ ಸೇರುವುದು ರಾತ್ರಿ ಒಂಬತ್ತರ ಮೇಲೆ. ಸುಸ್ತಿ ಸಾಲದ ವಸೂಲಿ, ವಿಮೆ ಮಾಡಿಸುವ ಟಾರ್ಗೆಟ್, ಭಾನುವಾರವೂ ಬಿಡದ ವಾಟ್ಸ್‌ಆ್ಯಪ್ ಗ್ರೂಪು. ಈಗೀಗ ಗ್ರಾಹಕರ ಮುಖ ಕಂಡರೆ ಸಿಟ್ಟು ಬರುತ್ತದೆ, ಮೊದಲು ನಾನು ಹೀಗಿರಲಿಲ್ಲ. ಮೂರು ವರ್ಷದ ಹಿಂದೆ ಶನಿವಾರ ಮಾತ್ರ ಸ್ನೇಹಿತರ ಜೊತೆ ಎರಡು ಪೆಗ್. ಈಗ ದಿನಾ ರಾತ್ರಿ ಕ್ವಾರ್ಟರ್ ಬೇಕು. ಮೂರು ಗಂಟೆಗೆ ಎಚ್ಚರವಾಗುತ್ತದೆ, ಎದೆ ಡವಡವ ಅನ್ನುತ್ತದೆ. ಆಗಾಗ ಗೆಳೆಯ ಕೊಟ್ಟ, ಆತಂಕ ತಗ್ಗಿಸುವ ಆಲ್‌ಪ್ರಜೋಲಮ್ ಅರ್ಧ ಮಾತ್ರೆ ನುಂಗುತ್ತೇನೆ. ಬೆಳಿಗ್ಗೆ ಸಹಿ ಹಾಕುವಾಗ ಕೈ ನಡುಗುತ್ತದೆ. ಎರಡು ಸಲ ಬಿಟ್ಟೆ, ಮೂರು ದಿನ ದಾಟಲಿಲ್ಲ. ‘ನಿಮಗೆ ಚಟ ಹತ್ತಿದೆ’ ಎನ್ನುತ್ತಾಳೆ ಹೆಂಡತಿ. ಇದು ಬರ್ನ್‌ಔಟ್, ಕೆಲಸದ ಒತ್ತಡದಿಂದ ಬಂದ ಬಳಲಿಕೆ, ಎಂದು ನನಗನಿಸುತ್ತದೆ. ಯಾರು ಸರಿ? ಒಂದು ತಿಂಗಳು ರಜೆ ಹಾಕಿ ಊರಿನ ತೋಟದ ಮನೆಯಲ್ಲಿದ್ದರೆ ಸರಿಹೋಗುತ್ತದೆಯೇ? ಆಫೀಸಿಗೆ ಏನು ಹೇಳಲಿ?
(ಹೆಸರು ಬೇಡ)

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಇದನ್ನು ಓದಿದ ಹುರುಪಿನಲ್ಲಿ ‘ಇವತ್ತಿನಿಂದ ಒಂದು ಹನಿಯೂ ಬೇಡ’ ಎಂದು ಏಕಾಏಕಿ ನಿಲ್ಲಿಸಬೇಡಿ. ಮದ್ಯ ಬಿಡಿಸುವ ವೈದ್ಯನೇ ಹೀಗೆ ಹೇಳುವುದು ವಿಚಿತ್ರ ಅನಿಸಬಹುದು. ಬೆಳಿಗ್ಗೆ ಕೈ ನಡುಗುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಅಲ್ಲಿಯೇ. ರಾತ್ರಿ ಕುಡಿದದ್ದು ಇಳಿಯುತ್ತಿದ್ದಂತೆ ಮೈ ನಡುಗುತ್ತಿದೆ ಎಂದರೆ ನರವ್ಯೂಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡು ಮೂರು ದಿನ ಕಳೆದ ಮೇಲೆ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳು ಹುಪ್ಪಟೆ ಕಾಣುತ್ತವೆ, ದಿಕ್ಕು ದೆಸೆ ತಿಳಿಯುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ನಿಮಗೆ ಆಗುತ್ತದೋ ಇಲ್ಲವೋ ಎಂದು ಪತ್ರ ನೋಡಿ ಹೇಳಲಾರೆ. ನಿಮ್ಮ ತೋಟದ ಮನೆಯ ಯೋಜನೆ ನನ್ನನ್ನು ಹೆದರಿಸಿದ್ದು ಅದಕ್ಕೇ. ಒಬ್ಬರೇ ಇರುತ್ತೀರಿ, ಆಸ್ಪತ್ರೆ ದೂರ, ಎರಡನೇ ರಾತ್ರಿ ಫಿಟ್ಸ್ ಬಂದರೆ ನೋಡುವವರಾರು?

ಆಲ್‌ಪ್ರಜೋಲಮ್ ಇದಕ್ಕಿಂತ ಕೆಟ್ಟದ್ದು. ಮದ್ಯವೂ ಆ ಮಾತ್ರೆಯೂ ಮೆದುಳಿನಲ್ಲಿ ಹೆಚ್ಚುಕಡಿಮೆ ಒಂದೇ ಬಾಗಿಲು ತಟ್ಟುತ್ತವೆ, ಎರಡೂ ಕೂಡಿದರೆ ಉಸಿರಾಟ ಕುಗ್ಗುತ್ತದೆ. ಅದು ಶೆಡ್ಯೂಲ್ ಎಚ್-1 ಔಷಧಿ, ವೈದ್ಯರ ಚೀಟಿ ಇಲ್ಲದೆ ಯಾರೂ ಮಾರುವಂತಿಲ್ಲ, ಗೆಳೆಯರು ಹಂಚುವಂತೆಯೂ ಇಲ್ಲ. ಕುಡಿದ ರಾತ್ರಿ ಅದನ್ನು ಮುಟ್ಟಬೇಡಿ. ವಾರಕ್ಕೆ ಎಷ್ಟು ನುಂಗಿದ್ದೀರಿ, ಎಷ್ಟು ತಿಂಗಳಿಂದ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ವಾರವೇ ವೈದ್ಯರನ್ನು ಕಾಣಬೇಕು, ಆಗ ಆ ಲೆಕ್ಕ ಬೇಕಾಗುತ್ತದೆ.

ಈಗ ನಿಮ್ಮ ಮನೆಯ ವ್ಯಾಜ್ಯಕ್ಕೆ ಬರೋಣ. ಹೆಂಡತಿ ಹೇಳುತ್ತಿರುವುದು ನಿಜ. ವ್ಯಸನವನ್ನು ಗುರುತಿಸಲು ನಾವು ನೋಡುವ ಲಕ್ಷಣಗಳಲ್ಲಿ ಮೂರನ್ನಾದರೂ ನೀವೇ ನಿಮ್ಮ ಕೈಯಾರೆ ಬರೆದಿದ್ದೀರಿ: ಎರಡು ಪೆಗ್ಗಿಗೆ ಸಿಗುತ್ತಿದ್ದದ್ದು ಈಗ ಕ್ವಾರ್ಟರಿಗೆ ಸಿಗುತ್ತಿದೆ, ಇಳಿದಾಗ ನಡುಕ ಬರುತ್ತಿದೆ, ಬಿಡಬೇಕೆಂದು ಹೊರಟರೂ ಬಿಡಲಾಗುತ್ತಿಲ್ಲ. ನೀವು ಹೇಳುತ್ತಿರುವುದೂ ಸುಳ್ಳಲ್ಲ. ಕ್ರಿಸ್ಟೀನಾ ಮ್ಯಾಸ್ಲಾಕ್ ಎಂಬ ಅಮೆರಿಕದ ಮನೋವಿಜ್ಞಾನಿ 1981ರಲ್ಲಿ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು, ಇವತ್ತಿಗೂ ಬಳಕೆಯಲ್ಲಿದೆ. ಅದು ಕೇಳುವುದು ಮೂರು ಸಂಗತಿ. ಒಳಗಿಂದ ಬರಿದಾದಂಥ ದಣಿವು, ಯಾರಿಗಾಗಿ ಕೆಲಸ ಮಾಡುತ್ತೇವೋ ಅವರ ಮೇಲೇ ಹುಟ್ಟುವ ತಾತ್ಸಾರ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ. ಗ್ರಾಹಕರ ಮುಖ ಕಂಡರೆ ಸಿಟ್ಟು ಎಂದಿರಲ್ಲ, ಅದು ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಯಾದ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟ್ ಇದೆ. ಆದರೆ ಅಲ್ಲಿ ಅದನ್ನು ಕಾಯಿಲೆ ಎನ್ನದೆ, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಹೇಳಲಾಗಿದೆ. ಮದ್ಯಾವಲಂಬನೆ ಅದೇ ಪಟ್ಟಿಯಲ್ಲಿ ಕಾಯಿಲೆ. ಈ ವ್ಯತ್ಯಾಸ ಬರೀ ಕಾಗದದ್ದಲ್ಲ, ಚಿಕಿತ್ಸೆಯ ಸರದಿಯನ್ನು ನಿರ್ಧರಿಸುವುದೇ ಅದು.

ಸರದಿ ಏಕೆ ಮುಖ್ಯ ಎಂದು ತಿಳಿಯಲು ನಿಮ್ಮ ರಾತ್ರಿಯ ಲೆಕ್ಕ ಹಾಕೋಣ. ಲೆಕ್ಕ ನಿಮಗೆ ಅಭ್ಯಾಸದ ಕೆಲಸ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೊಹಾಲ್ ಇರುತ್ತದೆ. 30 ಎಂ.ಎಲ್.ನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ. ಕ್ವಾರ್ಟರ್ ಎಂದರೆ 180 ಎಂ.ಎಲ್., ಅಂದರೆ 60 ಗ್ರಾಂ. ದೇಹ ಗಂಟೆಗೆ 7ರಿಂದ 10 ಗ್ರಾಂ ಕರಗಿಸುತ್ತದೆ. ಹತ್ತೂವರೆಗೆ ಮುಗಿಸಿ ಮಲಗಿದರೆ ಬೆಳಗಿನ ಜಾವ ಪೂರ್ತಿ ಮದ್ಯ ಇಳಿಯುತ್ತಲೇ ಇರುತ್ತದೆ. ಮದ್ಯ ಮೆದುಳಿನ ಬ್ರೇಕನ್ನು ಒತ್ತುವ ವಸ್ತು. ತಿಂಗಳುಗಟ್ಟಲೆ ದಿನಾ ಒತ್ತುತ್ತಿದ್ದರೆ ಮೆದುಳು ಅದನ್ನು ಸರಿದೂಗಿಸಲು ಆಕ್ಸಿಲರೇಟರನ್ನು ಜೋರಾಗಿ ತುಳಿಯಲು ಕಲಿಯುತ್ತದೆ. ಮೂರು ಗಂಟೆಗೆ ಬ್ರೇಕು ಸಡಿಲವಾಗುತ್ತದೆ, ಆಕ್ಸಿಲರೇಟರ್ ಮಾತ್ರ ಹಾಗೇ ಇರುತ್ತದೆ. ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ. ಕತ್ತಲಲ್ಲಿ ಕಣ್ಣು ಬಿಟ್ಟ ಮನಸ್ಸು ಆ ಗಾಬರಿಗೆ ಕಾರಣ ಹುಡುಕುತ್ತದೆ. ಕಾರಣಗಳಿಗೆ ನಿಮಗೇನು ಬರ! ಆಡಿಟ್ ಇದೆ, ಎನ್‌ಪಿಎ ಇದೆ, ನಾಳೆಯ ವಿಡಿಯೊ ಕಾನ್ಫರೆನ್ಸ್ ಇದೆ. ‘ಬ್ಯಾಂಕು ನನ್ನ ನಿದ್ದೆ ಕೆಡಿಸಿತು’ ಎಂದು ಅರ್ಥ ಮಾಡಿಕೊಳ್ಳುತ್ತೀರಿ. ಅದರಲ್ಲಿ ಎಷ್ಟು ಪಾಲು ಬ್ಯಾಂಕಿನದು, ಎಷ್ಟು ಹಿಂದಿನ ರಾತ್ರಿಯ ಬಾಟಲಿಯದು ಎಂದು ಈಗ ನಿಮಗೂ ತಿಳಿಯದು, ನನಗೂ ತಿಳಿಯದು.

ಮದ್ಯ ಬೇಗ ನಿದ್ದೆ ಬರಿಸುವುದು ನಿಜ. ಆದರೆ ರಾತ್ರಿಯ ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಕಡಿಮೆ ಮಾಡಿ, ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ. ಏಳು ಗಂಟೆ ಮಲಗಿಯೂ ದಣಿದೇ ಏಳುತ್ತೀರಿ. ದಣಿದವನಿಗೆ ಗ್ರಾಹಕರ ಮೇಲೆ ತಾಳ್ಮೆ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ, ಕೆಲಸ ತಡವಾಗುತ್ತದೆ, ಮನೆ ಸೇರುವುದು ಒಂಬತ್ತರ ಬದಲು ಒಂಬತ್ತೂವರೆಯಾಗುತ್ತದೆ. ಹಾಗಿರುವಾಗ ಪೆಗ್ ಇನ್ನೂ ‘ಅಗತ್ಯ’ ಅನಿಸುತ್ತದೆ. ದಣಿವು ಕುಡಿತಕ್ಕೆ ನೆಪ ಕೊಟ್ಟು ಶುರುವಾದದ್ದು, ಈಗ ಕುಡಿತವೇ ದಣಿವನ್ನು ತಯಾರಿಸಿಕೊಡುತ್ತಿದೆ. ಆರಂಭಕ್ಕೆ ಕಾರಣವಾದದ್ದನ್ನು ತೆಗೆದುಬಿಟ್ಟರೆ ಇದು ನಿಲ್ಲುತ್ತದೆಂದು ನಂಬುವುದು ಈ ಹಂತದಲ್ಲಿ ಆಗದ ಮಾತು. ಮೊದಮೊದಲು ನೀವು ಕುಡಿದದ್ದು ಹಿತಕ್ಕಾಗಿ, ಈಗ ಅಹಿತ ತಪ್ಪಿಸಿಕೊಳ್ಳಲು ಕುಡಿಯುತ್ತಿದ್ದೀರಿ. ಎರಡನೆಯದು ರಜೆಯಲ್ಲೂ ಇರುತ್ತದೆ, ನಿವೃತ್ತಿಯಾದ ಮೇಲೂ ಇರುತ್ತದೆ.

ಹಾಗೆಂದು ಕೆಲಸದ ಒತ್ತಡವನ್ನು ಬರೀ ನೆಪ ಎಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವವರು ಅಪಾಯದ ಮಟ್ಟದ ಕುಡಿತಕ್ಕೆ ಇಳಿಯುವ ಸಾಧ್ಯತೆ, 35–40 ಗಂಟೆ ದುಡಿಯುವವರಿಗಿಂತ ಸುಮಾರು ಶೇ 12ರಷ್ಟು ಹೆಚ್ಚು ಎಂದು ಅದು ತೋರಿಸಿತು. ಸಂಬಂಧ ಇದೆ, ಆದರೆ ಅಷ್ಟೇ ಇದೆ. ನಿಮ್ಮಷ್ಟೇ ಹೊತ್ತು ಕೂರುವ ನಿಮ್ಮ ಅಕೌಂಟೆಂಟ್ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿರಬಹುದು. ಉಳಿದ ವ್ಯತ್ಯಾಸ ಬೇರೆ ಕಡೆಯಿಂದ ಬರುತ್ತದೆ. ಮದ್ಯಾವಲಂಬನೆಯ ಅಪಾಯದಲ್ಲಿ ಅರ್ಧದಷ್ಟು ವಂಶದಿಂದ ಬರುವಂಥದ್ದು. ತಂದೆ, ಚಿಕ್ಕಪ್ಪ, ಸೋದರಮಾವ ಯಾರಿಗಾದರೂ ಈ ತೊಂದರೆ ಇತ್ತೇ ಎಂದು ನೆನಪಿಸಿಕೊಳ್ಳಿ, ವೈದ್ಯರು ಕೇಳೇ ಕೇಳುತ್ತಾರೆ. ಇನ್ನೊಂದು, ದಿನದ ಕೆಲಸವನ್ನು ತಲೆಯಿಂದ ಇಳಿಸಲು ನಿಮಗಿರುವ ದಾರಿಗಳು ಎಷ್ಟು? ಮೂರು ವರ್ಷದ ಹಿಂದೆ ಬಹುಶಃ ನಾಲ್ಕೈದು ಇದ್ದವು: ಶಟಲ್ ಆಟ, ಮಕ್ಕಳ ಜೊತೆ ಹರಟೆ, ಶನಿವಾರದ ಗೆಳೆಯರು. ಕೆಲಸದ ಹೊತ್ತು ಒಂದೊಂದನ್ನೇ ನುಂಗಿತು. ರಾತ್ರಿ ಒಂಬತ್ತರ ಮೇಲೂ ತೆರೆದಿದ್ದು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿಕೊಡುವ ದಾರಿ ಒಂದೇ ಉಳಿಯಿತು. ಬರ್ನ್‌ಔಟ್ ವ್ಯಸನಕ್ಕೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಹೀಗೆ, ಉಳಿದ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ. ಎಲ್ಲರೂ ಮದ್ಯಕ್ಕೇ ಹೋಗುವುದಿಲ್ಲ. ಗುಟ್ಕಾ, ಆನ್‌ಲೈನ್ ರಮ್ಮಿ, ರಾತ್ರಿ ಎರಡರವರೆಗೆ ರೀಲ್ಸು, ಹೆಣ್ಣುಮಕ್ಕಳಲ್ಲಿ ಯಾರಿಗೂ ಕಾಣದ ನಿದ್ದೆ ಮಾತ್ರೆ, ಎಲ್ಲವೂ ನಮ್ಮ ಒಪಿಡಿಯಲ್ಲಿ ಇವೆ.

ಇತಿಹಾಸದ ಒಂದು ಸಂಗತಿ ಇಲ್ಲಿ ಹೇಳಬೇಕು. ಬರ್ನ್‌ಔಟನ್ನು ವೈದ್ಯಕೀಯ ಬರಹದಲ್ಲಿ ಮೊದಲು ವಿವರವಾಗಿ ಚಿತ್ರಿಸಿದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಮಾದಕ ವ್ಯಸನಿಗಳ ಸೇವೆ ಮಾಡುತ್ತಿದ್ದವರು. 1974ರ ಅವರ ಲೇಖನ ಅಂಥ ಕಡೆ ದುಡಿದು ಸೋತ ಕಾರ್ಯಕರ್ತರ ಬಗ್ಗೆ. ಸೋತವರಲ್ಲಿ ಅವರೂ ಒಬ್ಬರು. ಈ ಎರಡೂ ಸಂಗತಿಗಳನ್ನು ಒಂದೇ ಸೂರಿನಡಿ ನೋಡುವುದು ಹೊಸ ಫ್ಯಾಷನ್ ಏನಲ್ಲ. ಡ್ಯೂಟಿಯ ಮೇಲೆ ಡ್ಯೂಟಿ ಮಾಡಿ, ಔಷಧಿಯ ಕಪಾಟು ಕೈಗೆಟುಕುವಂತಿರುವ ವೈದ್ಯರೂ ನರ್ಸುಗಳೂ ಈ ಬಲೆಗೆ ಬೀಳುತ್ತಾರೆ. ಹಾಗಾಗಿ ವೈದ್ಯರೆದುರು ಕೂರಲು ನೀವು ನಾಚಬೇಕಿಲ್ಲ.

ರಜೆ ಹಾಕಿ, ಖಂಡಿತ ಹಾಕಿ. ಆದರೆ ಅದರ ಮೊದಲ ವಾರ ಚಿಕಿತ್ಸೆಗೆ. ಮದ್ಯ ಇಳಿಸುವ ಚಿಕಿತ್ಸೆಗೆ ಐದರಿಂದ ಏಳು ದಿನ ಸಾಕಾಗುತ್ತದೆ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಎಂಬ ಔಷಧಿ ಕೊಟ್ಟು ದಿನದಿಂದ ದಿನಕ್ಕೆ ಅದರ ಪ್ರಮಾಣ ಇಳಿಸುತ್ತಾರೆ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾರೆ, ಬಿ-1 ಜೀವಸತ್ವವಾದ ಥಯಮಿನ್ ಕೊಡುತ್ತಾರೆ. ಇಲ್ಲೊಂದು ಅಪಾಯ ಹೇಳಿಬಿಡುತ್ತೇನೆ. ಕುಡಿಯುವವರು ನಿಶ್ಶಕ್ತಿ ಎಂದು ಹೋದರೆ ಕೆಲವು ಕ್ಲಿನಿಕ್ಕುಗಳಲ್ಲಿ ನೇರ ಗ್ಲೂಕೋಸ್ ಬಾಟಲಿ ಏರಿಸುವ ರೂಢಿ ಇದೆ. ದೇಹದಲ್ಲಿ ಥಯಮಿನ್ ಬತ್ತಿರುವವರಿಗೆ ಬರೀ ಗ್ಲೂಕೋಸ್ ಕೊಟ್ಟರೆ ಮೆದುಳಿಗೆ ಪೆಟ್ಟಾಗಬಹುದು, ನೆನಪಿನ ಶಕ್ತಿ ಕಾಯಂ ಹೋಗಬಹುದು. ‘ನಾನು ದಿನಾ ಕುಡಿಯುತ್ತೇನೆ’ ಎಂದು ಮೊದಲೇ ಹೇಳಿ.

ಎಲ್ಲಿಗೆ ಹೋಗುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ನಡುರಾತ್ರಿ ಮೂರು ಗಂಟೆಗೇ ಯಾರೊಂದಿಗಾದರೂ ಮಾತಾಡಬೇಕು ಅನಿಸಿದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳ ಬಗ್ಗೆ ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಹೇಳಿರಬಹುದು. ಶಿಬಿರ ಮುಗಿದ ಮೇಲೂ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವ ಬಳಗ ಸಿಗುವುದು ಅವುಗಳ ದೊಡ್ಡ ಗುಣ. ಆದರೆ ನಿಮ್ಮಂತೆ ನಡುಕ ಇರುವವರು ಮೊದಲು ವೈದ್ಯರಿಗೆ ತೋರಿಸಿಯೇ ಹೋಗಬೇಕು. ಕುಡಿತ ಬಿಡುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೂ ಇದೇ ಮಾತು. ಹೊಡೆದು ಬಡಿದು ಬಿಡಿಸುವ, ಗೇಟಿಗೆ ಬೀಗ ಹಾಕುವ ಪರವಾನಗಿಯಿಲ್ಲದ ಕೇಂದ್ರಗಳ ಹತ್ತಿರ ಸುಳಿಯಬೇಡಿ.

ಮೈ ತಿಳಿಯಾದ ಮೇಲೆ ಎರಡರಿಂದ ನಾಲ್ಕು ವಾರ ಕಾದು ಮನಸ್ಸನ್ನು ಮತ್ತೆ ಪರೀಕ್ಷಿಸುತ್ತೇವೆ. ಕುಡಿತದಿಂದಲೇ ಬಂದ ಬೇಸರ, ಗಾಬರಿ ಅಷ್ಟರಲ್ಲಿ ಬಹುಪಾಲು ಕರಗಿರುತ್ತದೆ. ಕರಗದೆ ಉಳಿದದ್ದು ಖಿನ್ನತೆಯೋ ನಿಮ್ಮ ಬರ್ನ್‌ಔಟೋ ಎಂದು ಆಗ ಸ್ಪಷ್ಟವಾಗಿ ಕಾಣುತ್ತದೆ. ಖಿನ್ನತೆಗೆ ಔಷಧಿ ಇದೆ. ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಬರ್ನ್‌ಔಟಿಗೆ ಮಾತ್ರೆ ಇಲ್ಲ, ಅದಕ್ಕೆ ಕೆಲಸವೇ ಬದಲಾಗಬೇಕು. ವ್ಯಸನ ಚಿಕಿತ್ಸೆ ಮುಗಿಸಿ ಅದೇ ಕುರ್ಚಿಗೆ, ಅದೇ ಹನ್ನೆರಡು ಗಂಟೆಯ ದುಡಿಮೆಗೆ ವಾಪಸಾದವರು ಮೂರು ತಿಂಗಳೊಳಗೆ ಮರಳಿ ನಮ್ಮ ಬಳಿ ಬರುವುದು ಸಾಮಾನ್ಯ. ನಮ್ಮ ಚಿಕಿತ್ಸಾ ಕ್ರಮದ ಮೇಲೆ ನನ್ನ ದೂರು ಇದೇ. ಬಾಟಲಿ ಬಿಡಿಸುತ್ತೇವೆ, ಡ್ಯೂಟಿ ಚಾರ್ಟ್ ಕೇಳುವುದಿಲ್ಲ.

ನಿಮ್ಮ ವಿಷಯದಲ್ಲಿ ನಾನು ಕೇಳುವುದು ಇವು. ಮಧ್ಯಾಹ್ನ ಊಟ ಎಷ್ಟು ಗಂಟೆಗೆ? ಸಂಜೆ ಆರರ ಮೇಲೆ ಹೊಟ್ಟೆಗೆ ಏನಾದರೂ ಬೀಳುತ್ತದೆಯೇ? ಖಾಲಿ ಹೊಟ್ಟೆ, ದಣಿವು, ಸಿಟ್ಟು ಮೂರೂ ಸೇರಿದ ರಾತ್ರಿ ಒಂಬತ್ತು ಗಂಟೆ ನಿಮ್ಮ ಅತ್ಯಂತ ಅಪಾಯದ ಹೊತ್ತು. ಆರು ಗಂಟೆಗೆ ಗಟ್ಟಿಯಾಗಿ ಏನಾದರೂ ತಿಂದು, ಮನೆಗೆ ಬಂದ ತಕ್ಷಣ ಊಟಕ್ಕೆ ಕೂತರೆ ಆ ಹೊತ್ತಿನ ತುಡಿತ ಅರ್ಧ ಇಳಿಯುತ್ತದೆ. ಬರುವ ದಾರಿಯಲ್ಲಿ ಎಂಆರ್‌ಪಿ ಅಂಗಡಿ ಇದ್ದರೆ ದಾರಿ ಬದಲಿಸಿ. ವಾಟ್ಸ್‌ಆ್ಯಪ್ ಗ್ರೂಪನ್ನು ಹತ್ತರ ಮೇಲೆ ಮ್ಯೂಟ್ ಮಾಡಿ, ಶಾಖೆ ಹೊತ್ತಿ ಉರಿದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ. ಇವೆಲ್ಲ ಸಣ್ಣವು. ದೊಡ್ಡದೆಂದರೆ ಹುದ್ದೆಯ ಪ್ರಶ್ನೆ: ಟಾರ್ಗೆಟ್ ಇಲ್ಲದ ಆಡಳಿತ ವಿಭಾಗಕ್ಕೆ ಒಂದೆರಡು ವರ್ಷ ಕೇಳಿಕೊಳ್ಳುವುದು. ಅದರಿಂದ ಬಡ್ತಿ ತಡವಾಗಬಹುದು. ಅದನ್ನು ತೂಗಿ ನೋಡಬೇಕಾದವರು ನೀವೇ, ಆದರೆ ತೂಗುವುದು ಕುಡಿತ ಬಿಟ್ಟ ಆರು ವಾರದ ಮೇಲೆ. ಕೈ ನಡುಗುವಾಗ ರಾಜೀನಾಮೆಗೆ ಸಹಿ ಹಾಕಬೇಡಿ.

ಇನ್ನೊಂದು ದಾರಿ ನಿಮ್ಮ ಬ್ಯಾಂಕಿನಲ್ಲೇ ಇರಬಹುದು. ಸೂಕ್ಷ್ಮ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಇಲ್ಲದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯ ಮೇಲೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ದಿನಗಳಲ್ಲಿ ಕಚೇರಿಯ ಕೆಲಸ ಮುಟ್ಟುವಂತಿಲ್ಲ. ನಿಯಮ ಮಾಡಿದ್ದು ವಂಚನೆ ಹಿಡಿಯಲು, ನಿಮ್ಮ ನಿದ್ದೆಗಾಗಿ ಅಲ್ಲ. ಆದರೂ ನಿಮ್ಮ ಹುದ್ದೆ ಆ ಪಟ್ಟಿಯಲ್ಲಿದೆಯೇ ನೋಡಿ. ಮಾರ್ಚ್ ಕ್ಲೋಸಿಂಗ್ ಮುಗಿಯಲಿ ಎಂದು ಚಿಕಿತ್ಸೆಯನ್ನು ಮುಂದೂಡಬೇಡಿ, ಬ್ಯಾಂಕಿನವರಿಗೆ ಮೂರು ತಿಂಗಳಿಗೊಂದು ಕ್ಲೋಸಿಂಗ್ ಇದ್ದೇ ಇರುತ್ತದೆ.

ಆಫೀಸಿಗೆ ಎಲ್ಲವನ್ನೂ ಹೇಳಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ತೊಂದರೆಗಳನ್ನೂ ಒಳಗೊಳ್ಳುತ್ತದೆ, ಚಿಕಿತ್ಸೆಯ ವಿವರ ಗುಟ್ಟಾಗಿಡುವ ಹಕ್ಕನ್ನು ನಿಮಗೆ ಕೊಡುತ್ತದೆ. ಪ್ರಮಾಣಪತ್ರದಲ್ಲಿ ಏನು ಬರೆಯಬೇಕು, ಎಷ್ಟು ಬರೆಯಬೇಕು ಎಂದು ವೈದ್ಯರ ಜೊತೆ ಮೊದಲೇ ಮಾತಾಡಿಕೊಳ್ಳಿ. ಟೈಫಾಯಿಡ್ ಎಂದು ಬರೆದುಕೊಡಿ ಎಂದು ಮಾತ್ರ ಕೇಳಬೇಡಿ. ನಂಬಿಕೆಯ ಒಬ್ಬ ಸಹೋದ್ಯೋಗಿಗಾದರೂ ನಿಜ ಗೊತ್ತಿರಲಿ, ಬೀಳ್ಕೊಡುಗೆ ಪಾರ್ಟಿಯಲ್ಲಿ ಗ್ಲಾಸು ಕೈಗಿಡುವವರನ್ನು ಅವರು ತಡೆದಾರು.

ನಿಮ್ಮ ಹೆಂಡತಿಗೂ ಒಂದು ಮಾತು. ಕುಡಿತ ಬಿಡಿಸುವ ಪುಡಿ, ಮಾತ್ರೆ ಎಂದು ಸಾರಿನಲ್ಲಿ ಗುಟ್ಟಾಗಿ ಬೆರೆಸುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಅವರು ಅರಿಯದೆ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು, ಹೃದಯಕ್ಕೇ ತೊಂದರೆಯಾಗಬಹುದು. ಅದನ್ನು ಅವರ ಒಪ್ಪಿಗೆಯಿಂದ, ವೈದ್ಯರ ಕಣ್ಣಳತೆಯಲ್ಲಿ ಮಾತ್ರ ಕೊಡಬೇಕು. ಬಾಟಲಿಯನ್ನು ಸಿಂಕಿಗೆ ಸುರಿಯುವುದೂ ಬೇಡ, ಕಾರಣ ಮೇಲೆಯೇ ಹೇಳಿದ್ದೇನೆ. ಅವರೊಂದಿಗೆ ಆಸ್ಪತ್ರೆಗೆ ನೀವೂ ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ ಎಂಬ ಲೆಕ್ಕ ಗಂಡನದೊಂದು ಇರುತ್ತದೆ, ಹೆಂಡತಿಯದೊಂದು ಇರುತ್ತದೆ. ವೈದ್ಯರಿಗೆ ಎರಡೂ ಬೇಕು.